ಕೂಡಿಹಾಕಿದರೆ ಚಟ ಬಿಡುತ್ತಾನೆಯೇ?

ಪ್ರಶ್ನೆ: ಮಗನಿಗೆ 23. ನೋವಿನ ಮಾತ್ರೆ ಅರೆದು ಚುಚ್ಚಿಕೊಳ್ಳುತ್ತಾನೆ. ಒಂದು ಕೇಂದ್ರದವರು, ‘ಮೂರು ತಿಂಗಳು ಕೂಡಿಹಾಕಿ ಸರಿ ಮಾಡ್ತೀವಿ, ಫೋನೂ ಮಾಡಬಾರದು’ ಅಂತಾರೆ. ಸೇರಿಸಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡಮ್ಮ, ದುಡ್ಡು ಕಟ್ಟಬೇಡಿ. ನನ್ನ ತಮ್ಮನನ್ನು ಹೀಗೇ ಒಂದು ಕಡೆ ಬಿಟ್ಟುಬಂದಿದ್ದೆ. ಮರಳಿದಾಗ ಮುಂಗೈ ಮೇಲೆ ಹಗ್ಗದ ಗುರುತು. ವಾರದೊಳಗೆ ಮತ್ತೆ ಸಿರಿಂಜು. ಬಿಟ್ಟು ಮತ್ತೆ ಹಿಡಿದಾಗಲೇ ಅಪಾಯ ಹೆಚ್ಚು. ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು.

ಅವನು ಚುಚ್ಚಿಕೊಳ್ಳುತ್ತಿರುವುದು ಅಫೀಮಿನ ಬಗೆಯ ಮಾತ್ರೆಯಾದರೆ, ಆ ಹಂಬಲ ತಗ್ಗಿಸಲು ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ. ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ. ‘ಒಂದು ಚಟ ಬಿಟ್ಟು ಇನ್ನೊಂದು’ ಎನ್ನುವವರಿಗೆ ಕಿವಿಗೊಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಇವತ್ತೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಎಚ್‌ಐವಿ, ಹೆಪಟೈಟಿಸ್ ಸಿ (ಯಕೃತ್ತಿನ ಸೋಂಕು) ಹಂಚಿಕೊಂಡ ಸಿರಿಂಜಿನಿಂದ ಹರಡುತ್ತವೆ, ಅವುಗಳ ರಕ್ತಪರೀಕ್ಷೆಯನ್ನೂ ಮಾಡಿಸಿ, ಬೈಯದೆ ಜೊತೆಗೆ ಹೋಗಿ.