ಹಳೇ ಬಾಕಿ: ದುಡ್ಡಿಗಿಂತ ಮೊದಲು ಕಾಗದ

ಪ್ರಶ್ನೆ: 2017ರಲ್ಲಿ ಕ್ರೆಡಿಟ್ ಕಾರ್ಡ್ ಪಡೆದಿದ್ದೆ. ಕೆಲಸ ಹೋದ ಮೇಲೆ ಕಟ್ಟಲಾಗಲಿಲ್ಲ. ಕೊನೆಯದಾಗಿ ದುಡ್ಡು ಕಟ್ಟಿದ್ದು 2018ರ ಆಗಸ್ಟ್ 10ರಂದು, ಆಗ ಬಾಕಿ 48,000 ರೂ. ಇತ್ತು. ಈಗ ರಿಕವರಿ ಏಜೆಂಟ್ ಒಬ್ಬರು ಫೋನ್ ಮಾಡಿ, ಅದು 1.90 ಲಕ್ಷ ಆಗಿದೆ, ಇವತ್ತು ಸಂಜೆಯೊಳಗೆ 60,000 ಹಾಕಿದರೆ ಮುಗಿಸಿಕೊಡುತ್ತೇನೆ ಎಂದು ತಮ್ಮ ಯುಪಿಐ ನಂಬರ್ ಕೊಟ್ಟಿದ್ದಾರೆ. ಎರಡು ವರ್ಷದಲ್ಲಿ ಮನೆ ಸಾಲ ತೆಗೆಯಬೇಕೆಂದಿದ್ದೇನೆ. ಕಟ್ಟಿಬಿಡಲೇ?
— ಓದುಗರು, ದಾವಣಗೆರೆ

ಉತ್ತರ: ಇವತ್ತು ಸಂಜೆ ಕಟ್ಟಬೇಡಿ. ಏಳು ವರ್ಷ ಕಾದ ಸಾಲ ಇನ್ನು ಹದಿನೈದು ದಿನ ಕಾಯುತ್ತದೆ.

ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಸಾಲ ಮತ್ತು ಪಾವತಿಗಳ ದಾಖಲೆ, ತೆಗೆಸಿ. ನಮ್ಮಲ್ಲಿ ಎಲ್ಲದಕ್ಕೂ ಸಿಬಿಲ್ ಎನ್ನುತ್ತೇವೆ, ಆದರೆ ಈ ರಿಪೋರ್ಟ್ ಕೊಡುವ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ನಾಲ್ಕೂ ಉಚಿತವಾಗಿ ಕೊಡಲೇಬೇಕು. ಅದರಲ್ಲಿ ಆ ಕಾರ್ಡಿನ ಖಾತೆ ಹುಡುಕಿ, ಸಾಲ ಈಗ ಯಾರ ಹೆಸರಲ್ಲಿದೆ, ಕೊನೆಯ ಪಾವತಿ ಎಂದು, ‘ರೈಟನ್ ಆಫ್’ ಎಂದಿದೆಯೇ, ‘ಸೂಟ್ ಫೈಲ್ಡ್’ (ದಾವೆ ಹೂಡಲಾಗಿದೆ) ಎಂದಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ರೈಟ್ ಆಫ್ ಎಂದರೆ ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿದೆ ಅಷ್ಟೆ, ನಿಮ್ಮ ಮೇಲಿನ ಸಾಲ ಹಾಗೇ ಇದೆ.

ಹಳೇ ಕಾರ್ಡ್ ಬಾಕಿಗಳನ್ನು ಬ್ಯಾಂಕುಗಳು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ, ಅಂದರೆ ಎಆರ್‌ಸಿಗಳಿಗೆ, ಮಾರಿಬಿಡುವುದುಂಟು. ನಿಮ್ಮದೂ ಹಾಗೆ ಆಗಿದ್ದರೆ ದುಡ್ಡು ತಗೊಂಡು ನೋ ಡ್ಯೂ ಸರ್ಟಿಫಿಕೇಟ್ (ಬಾಕಿ ಇಲ್ಲವೆಂಬ ಪತ್ರ) ಕೊಡಬೇಕಾದ್ದು ಎಆರ್‌ಸಿ, ಹಳೇ ಬ್ಯಾಂಕ್ ಅಲ್ಲ. ಸಾಲ ವರ್ಗಾವಣೆಯಾದ ಪತ್ರದ ಪ್ರತಿ ಕೇಳಿ ಪಡೆಯಿರಿ. ಒಂದೇ ಸಾಲ ಬ್ಯಾಂಕ್ ಹೆಸರಲ್ಲೂ ಎಆರ್‌ಸಿ ಹೆಸರಲ್ಲೂ ಎರಡು ಬಾಕಿಯಾಗಿ ರಿಪೋರ್ಟಿನಲ್ಲಿ ಕೂತಿರುವುದೂ ಇದೆ. ಅದು ತಪ್ಪು. ಸರಿಪಡಿಸಿ ಎಂದು ಆಗಲೇ ದೂರು ಕೊಡಿ.

ಇನ್ನು ಕಾಲಮಿತಿ. ಜಾಮೀನಿಲ್ಲದ ಇಂಥ ಸಾಲಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯಲ್ಲಿ 3 ವರ್ಷ ಇದೆ. ಆ ಅವಧಿಯೊಳಗೆ ನೀವು ಒಂದಿಷ್ಟು ದುಡ್ಡು ಕಟ್ಟಿದರೆ ಅಥವಾ ಸಾಲ ಇದೆಯೆಂದು ಸಹಿ ಹಾಕಿ ಬರೆದುಕೊಟ್ಟರೆ 3 ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಕೋವಿಡ್ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಕೊನೆಯ ಪಾವತಿಯಿಂದ ಎಣಿಸಿದರೆ ನಿಮ್ಮ ಅವಧಿ 2021ರ ಆಗಸ್ಟಿಗಲ್ಲ, 2023ರ ಜುಲೈ ಕೊನೆಗೆ ಮುಗಿದಂತಾಯಿತು. ಈ ನಡುವೆ ಏನನ್ನೂ ಬರೆದುಕೊಟ್ಟಿಲ್ಲ, ದಾವೆಯೂ ಇಲ್ಲ ಎಂದಾದರೆ ಹೊಸದಾಗಿ ಕೋರ್ಟಿಗೆ ಹೋಗುವ ದಾರಿ ಅವರಿಗೆ ಮುಚ್ಚಿದೆ. ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿ ನೋಡಿ. ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಆಗಿಹೋಗಿದ್ದರೆ ಮಾತೇ ಬೇರೆ, ಅದನ್ನು ಜಾರಿ ಮಾಡಲು 12 ವರ್ಷ ಅವಕಾಶ ಇದೆ.

ಅವಧಿ ಮುಗಿದಿದ್ದರೂ ಒಂದು ಎಚ್ಚರ ಬೇಕು. ‘ಬಾಕಿ ಕಟ್ಟುತ್ತೇನೆ’ ಎಂದು ಸಹಿ ಹಾಕಿ ಬರೆದುಕೊಟ್ಟರೆ ಕರಾರು ಕಾಯಿದೆಯ 25(3)ನೇ ಕಲಂ ಪ್ರಕಾರ ಅದು ಹೊಸ ಕರಾರಾಗುತ್ತದೆ. ಒಪ್ಪಂದ ಕುದುರುವ ಮುಂಚೆ ಏಜೆಂಟ್ ತರುವ ಯಾವ ಕಾಗದಕ್ಕೂ ಸಹಿ ಬೇಡ.

ಹಾಗಾದರೆ ಕಟ್ಟದೇ ಇದ್ದುಬಿಡಬಹುದಲ್ಲ? ಮನೆ ಸಾಲ ಬೇಕಿಲ್ಲದವರು ಹಾಗೆ ಯೋಚಿಸಬಹುದು. ನಿಮಗೆ ಅದು ಹೊಂದುವುದಿಲ್ಲ. ಕಾಲಮಿತಿ ದಾವೆಯನ್ನು ತಡೆಯುತ್ತದೆಯೇ ಹೊರತು ರಿಪೋರ್ಟನ್ನು ಅಳಿಸುವುದಿಲ್ಲ, ರೈಟ್ ಆಫ್ ಆದ ಬಾಕಿ ಕಣ್ಣಿಗೆ ಬಿದ್ದರೆ ಮನೆ ಸಾಲದ ಅರ್ಜಿ ಮುಂದೆ ಹೋಗುವುದು ಕಷ್ಟ. ಕಾಲಮಿತಿಯನ್ನು ಚೌಕಾಸಿಯ ಬಲವಾಗಿ ಬಳಸಿ. ತಡಪಾವತಿ ಶುಲ್ಕ, ಬಡ್ಡಿಯ ಮೇಲಿನ ಬಡ್ಡಿ ಬಿಡಿ, ಮೂಲ ಬಾಕಿ ಕಟ್ಟುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡಿ ಎಂದು ಕೇಳಿ. ಬಾಕಿಗಿಂತ ಕಡಿಮೆಗೆ ಮುಗಿಸಿದರೆ ಸಾಮಾನ್ಯವಾಗಿ ‘ಸೆಟಲ್ಡ್’ ಎಂದೇ ಬರೆಯುತ್ತಾರೆ. ಮುಂದಿನ ಬ್ಯಾಂಕಿಗೆ ಅದು ‘ಪೂರ್ತಿ ಕಟ್ಟಲಿಲ್ಲ’ ಎಂದೇ ಕೇಳಿಸುತ್ತದೆ. 60,000ಕ್ಕೆ ‘ಸೆಟಲ್ಡ್’ ಆಗುವುದಕ್ಕಿಂತ, ಅವರು ಒಪ್ಪಿ, ನಿಮಗೂ ಕೈಗೆಟಕುವುದಾದರೆ, ಉದಾಹರಣೆಗೆ 80,000ಕ್ಕೆ ‘ಕ್ಲೋಸ್ಡ್’ ಆಗುವುದೇ ನಿಮಗೆ ಲಾಭ.

ಒಪ್ಪಂದದ ಪತ್ರ ಬ್ಯಾಂಕಿನ (ಸಾಲ ಮಾರಾಟವಾಗಿದ್ದರೆ ಎಆರ್‌ಸಿಯ) ಲೆಟರ್‌ಹೆಡ್ಡಿನಲ್ಲಿ ಅಥವಾ ಅದರ ಅಧಿಕೃತ ಇಮೇಲಿನಿಂದ ಬರಬೇಕು. ಖಾತೆ ಸಂಖ್ಯೆ, ಮೊತ್ತ, ಕೊನೆಯ ದಿನಾಂಕ, ಇದರಿಂದ ಬಾಕಿ ಪೂರ್ತಿ ತೀರುತ್ತದೆ ಎಂಬ ಮಾತು, ರಿಪೋರ್ಟಿನಲ್ಲಿ ಯಾವ ಪದ ಬರೆಯುತ್ತಾರೆ ಎಂಬುದು, ಇಷ್ಟೂ ಅದರಲ್ಲಿರಲಿ. ಪತ್ರ ನಿಜವೇ ಎಂದು ಶಾಖೆಯಲ್ಲಿ ವಿಚಾರಿಸಿ. ದುಡ್ಡು ಆ ಕಾರ್ಡ್ ಖಾತೆಗೇ, ಸಾಲ ಮಾರಾಟವಾಗಿದ್ದರೆ ಎಆರ್‌ಸಿಯ ಖಾತೆಗೇ ಹೋಗಲಿ, ಏಜೆಂಟರ ಸ್ವಂತ ಯುಪಿಐಗೆ ಒಂದು ರೂಪಾಯಿಯೂ ಬೇಡ. ಕಂತಿನಲ್ಲಿ ಕಟ್ಟುವುದಾದರೆ ಎರಡು, ಹೆಚ್ಚೆಂದರೆ ಮೂರು ಕಂತಿಗೆ ನಿಲ್ಲಿಸಿ. ಒಂದು ಕಂತು ತಪ್ಪಿದರೆ ರಿಯಾಯಿತಿ ರದ್ದಾಗುವ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯ, ಆಗ ಅಲ್ಲಿಯವರೆಗೆ ಕಟ್ಟಿದ್ದು ಬಡ್ಡಿಗೆ ಜಮೆಯಾಗಿಬಿಡುತ್ತದೆ.

ಕಟ್ಟಿ ನೋ ಡ್ಯೂ ಸರ್ಟಿಫಿಕೇಟ್ ಪಡೆದು, ತಿಂಗಳು ಕಳೆದ ಮೇಲೆ ರಿಪೋರ್ಟ್ ಮತ್ತೆ ನೋಡಿ. ಬದಲಾಗಿರದಿದ್ದರೆ ರಿಪೋರ್ಟ್ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ದೂರು ದಾಖಲಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂ. ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ‘ಸಿಬಿಲ್ ಸರಿಮಾಡಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವವರು ಮಾಡುವುದೂ ಇದೇ ದೂರು ಸಲ್ಲಿಕೆ.

ಪ್ರಶ್ನೆ: ಏಜೆಂಟರು ರಾತ್ರಿ 9ಕ್ಕೆ ಫೋನ್ ಮಾಡುತ್ತಾರೆ, ಅಕ್ಕನ ಮನೆಗೂ ಮಾಡಿ ಮಾನ ಕಳೆಯುತ್ತಿದ್ದಾರೆ. ರಾಜ್ಯದ ಹೊಸ ಕಾನೂನಿನಲ್ಲಿ ಸಾಲ ಮನ್ನಾ ಆಗಿದೆ ಅಂತಾರೆ, ನಿಜವೇ?
— ಓದುಗರು, ಹಾವೇರಿ

ಉತ್ತರ: 2025ರ ಆ ಕಾನೂನು ನೋಂದಣಿಯಿಲ್ಲದೆ ಸಾಲ ಕೊಟ್ಟು ಪೀಡಿಸುವವರಿಗಾಗಿ ಬಂದದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕ್, ಫೈನಾನ್ಸ್ ಕಂಪನಿಗಳ ಸಾಲ ಅದರಿಂದ ಹೋಗುವುದಿಲ್ಲ. ಆದರೆ ಅವರಿಗೂ ಲಗಾಮು ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಯ ಫೋನ್ ಬರಕೂಡದು. ಮೈಕ್ರೋಫೈನಾನ್ಸ್ ಸಾಲವಾದರೆ ಇದು ಇನ್ನೂ ಬಿಗಿ, 9ರಿಂದ 6 ಮಾತ್ರ. ನಂಟರಿಗೆ ಫೋನ್ ಮಾಡಿ ಅವಮಾನಿಸುವುದು ಯಾವ ಹೊತ್ತಿನಲ್ಲೂ ತಪ್ಪು. ಕರೆಗಳ ಸಮಯ, ನಂಬರ್ ಬರೆದಿಟ್ಟು, ರೆಕಾರ್ಡಿಂಗ್ ಸಮೇತ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಿ. ಖರ್ಚಿಲ್ಲ, ಸಹಾಯವಾಣಿ 14448. ಬೆದರಿಕೆ ಹಾಕಿದರೆ ಅದಕ್ಕೆ 30 ದಿನ ಕಾಯಬೇಡಿ, ಠಾಣೆಗೆ ಹೋಗಿ.

ಪ್ರಶ್ನೆ: ಎಲ್ಲ ಬಾಕಿ ತೀರಿಸಿದೆ. ಕ್ರೆಡಿಟ್ ಸ್ಕೋರ್ ಇನ್ನೂ 610. ಮೇಲೇರಿಸುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ಸುಮ್ಮನೆ ಕೂತರೆ ಬಹಳ ನಿಧಾನ, ಹೊಸದಾಗಿ ಒಳ್ಳೆಯ ದಾಖಲೆ ಸೇರುತ್ತಾ ಹೋಗಬೇಕು. 20,000 ರೂ. ಠೇವಣಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಳ್ಳಿ. ಠೇವಣಿಯೇ ಭದ್ರತೆಯಾದ್ದರಿಂದ ಕಡಿಮೆ ಸ್ಕೋರಿನವರಿಗೂ ಇದು ಸಿಗುತ್ತದೆ. ಮಿತಿ 16,000 ಎಂದುಕೊಂಡರೆ ಬಳಕೆ ಮೂರನೇ ಒಂದು ಭಾಗ ದಾಟದಿರಲಿ, ಐದು ಸಾವಿರ ಸಾಕು. ಅನೇಕರು ಎಡವುವುದು ಇಲ್ಲೇ: ಕಟ್ಟಲು ಕೊನೆಯ ದಿನ ತಪ್ಪಿಸುವುದಿಲ್ಲ, ಆದರೆ ಬಿಲ್ ತಯಾರಾಗುವ ದಿನ 14,000 ಬಾಕಿ ಇರುತ್ತದೆ, ಅದೇ ವರದಿಯಾಗುತ್ತದೆ. ದೊಡ್ಡ ಖರ್ಚು ಮಾಡಿದ್ದರೆ ಬಿಲ್ ದಿನಕ್ಕೆ ಮುಂಚೆಯೇ ಕಟ್ಟಿ. ‘ಮಿನಿಮಮ್ ಡ್ಯೂ’ (ಬಿಲ್‌ನಲ್ಲಿ ಕಟ್ಟಲೇಬೇಕೆಂದಿರುವ ಕನಿಷ್ಠ ಮೊತ್ತ) ಮಾತ್ರ ಕಟ್ಟುವ ಅಭ್ಯಾಸ ಬೇಡ. ಐದಾರು ಕಡೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ತಿಂಗಳುವಾರು ಕಂತಿನ ಇತಿಹಾಸ 36 ತಿಂಗಳಷ್ಟು ಕಾಣಿಸುವುದರಿಂದ, ತಪ್ಪಿಲ್ಲದ ಒಂದೊಂದು ತಿಂಗಳೂ ಹಳೆಯ ಒಂದು ತಿಂಗಳನ್ನು ಆಚೆ ತಳ್ಳುತ್ತದೆ.

ಪ್ರಶ್ನೆ: ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಟ್ಟುತ್ತಿಲ್ಲ, ನನ್ನ ಸ್ಕೋರ್ ಬಿದ್ದಿದೆ. ನಾನು ಒಂದು ಪೈಸೆಯೂ ತಗೊಂಡಿಲ್ಲವಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ಕಾನೂನಿನ ಕಣ್ಣಿಗೆ ಜಾಮೀನುದಾರರ ಹೊಣೆ ಸಾಲಗಾರರಷ್ಟೇ ದೊಡ್ಡದು, ಬ್ಯಾಂಕ್ ನೇರವಾಗಿ ನಿಮ್ಮನ್ನೇ ಕೇಳಬಹುದು. ಬಾಕಿ ಚಿಕ್ಕದಿದ್ದಾಗಲೇ ತಪ್ಪಿದ ಕಂತು ಕಟ್ಟಿ ಖಾತೆ ಸರಿಮಾಡಿಸಿ, ‘ಜಾಮೀನುದಾರರಾಗಿ ಕಟ್ಟಿದ್ದು’ ಎಂದು ರಸೀದಿಯಲ್ಲಿ ಬರೆಸಿ. ಸಹೋದ್ಯೋಗಿಯಿಂದ ಆ ದುಡ್ಡು ವಸೂಲು ಮಾಡುವ ಹಕ್ಕು ನಿಮಗಿದೆ, ಅದಕ್ಕೂ ಕಟ್ಟಿದ ದಿನದಿಂದ 3 ವರ್ಷದ ಕಾಲಮಿತಿಯೇ.