ಯಂತ್ರವನ್ನು ಇನ್ನಷ್ಟು ಭಯಾನಕವಾಗಿ ಚಿತ್ರಿಸುವುದು ಹೇಗೆ?

ಐದಡಿ ಕ್ಯಾನ್ವಾಸಿಗೆ ಆಗಲೇ ಕಪ್ಪು ಬಳಿದಾಗಿದೆ, ಪ್ರದರ್ಶನಕ್ಕೆ ಮೂರು ವಾರ ಉಳಿದಿದೆ, ಯಂತ್ರಗಳು ಮನುಕುಲವನ್ನು ನುಂಗುವ ಸರ್ರಿಯಲಿಸ್ಟ್ (ಕನಸಿನಂತೆ ವಾಸ್ತವವನ್ನು ಮೀರಿದ) ಚಿತ್ರ ಬರೆಯುತ್ತಿದ್ದೇನೆ, ಆದರೆ ಯಂತ್ರ ಸಾಕಷ್ಟು ಹೆದರಿಸುತ್ತಿಲ್ಲ ಎಂದಿದ್ದೀರಿ. ‘ಕಪ್ಪು’ ಎಂಬ ಪದ ಕಂಡ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ತೊಳಸಿದಂತಾಯಿತು. ಮೊದಲು ಕುಂಚ ಕೆಳಗಿಡಿ, ಆಮೇಲೆ ಇದನ್ನು ಓದಿ.

2011ರ ಜುಲೈ. ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಏಳು ಜನರ ಗುಂಪು ಪ್ರದರ್ಶನ, ಅದರಲ್ಲಿ ನಾನೂ ಒಬ್ಬ. ಕೈಯಲ್ಲಿದ್ದದ್ದು 19 ದಿನ. ಲಗ್ಗೆರೆಯಲ್ಲಿ ಶೀಟಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ಹಗಲು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ರಾತ್ರಿ ಕಲಾವಿದ. ಚಿತ್ರಕ್ಕೆ ಹೆಸರು ಮೊದಲೇ ನಿಶ್ಚಯವಾಗಿತ್ತು: ‘ಯಂತ್ರಾಸುರ’. ಹೆಸರು ಮೊದಲು, ಅರ್ಥ ಆಮೇಲೆ, ಚಿತ್ರ ಕಟ್ಟಕಡೆಗೆ. ಹಲ್ಲುಚಕ್ರಗಳ ಎದೆ, ಕೆಂಪು ಬಲ್ಬಿನ ಕಣ್ಣು, ಕೈಗಳಿಗೆ ಬದಲು ಕ್ರೇನು, ಕಾಲಡಿಯಲ್ಲಿ ತಲೆಬುರುಡೆ, ಇರುವೆಗಳಂತೆ ಓಡುವ ಜನ, ಹಿಂದೆ ಹೊತ್ತಿ ಉರಿಯುವ ನಗರ. ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿಯನ್ನು ಅರೆದು ಕುಡಿದವನು ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಮೂಲೆಯಲ್ಲಿ ಕರಗುವ ಗಡಿಯಾರವೊಂದನ್ನೂ ನೇತುಹಾಕಿದ್ದೆ. ಇವೆಲ್ಲಕ್ಕೂ ತಳದಲ್ಲಿ ಕಪ್ಪು. ಇಡೀ ಕ್ಯಾನ್ವಾಸಿಗೆ, ಅಂಚಿನಿಂದ ಅಂಚಿಗೆ, ಎರಡು ಕೈ.

ಚಿತ್ರ ಮಾರಾಟವಾಯಿತು. ಗ್ಯಾಲರಿಯ ಪಾಲು ಕಳೆದು ನನಗೆ 35,000 ರೂಪಾಯಿ ಬಂತು. ಕೊಂಡದ್ದು ಒಂದು ಕಂಪನಿ, ಸ್ವಾಗತಕೋಣೆಯ ಗೋಡೆಗೆ. ಆ ಹಣದಿಂದ ಸ್ವಲ್ಪ ಒಳ್ಳೆಯ ಮನೆಗೆ ಅಡ್ವಾನ್ಸ್ ಕೊಟ್ಟೆ.

ಮರುವರ್ಷ ಏಪ್ರಿಲ್‌ನಲ್ಲಿ ಗ್ಯಾಲರಿಯಿಂದ ಫೋನು: ಚಿತ್ರಕ್ಕೆ ಏನೋ ಆಗಿದೆ, ಬಂದು ನೋಡಿ. ಹೋದೆ. ಯಂತ್ರಾಸುರನ ಮುಖ ಬೇಸಿಗೆಯ ಕೆರೆಯಂಗಳದಂತೆ ಒಡೆದಿತ್ತು. ಕೆಂಪು ಕಣ್ಣಿನ ಒಂದು ಚಕ್ಕೆ ಎದ್ದು ಅಂಚಿನಲ್ಲಿ ಸುರುಳಿ ಸುತ್ತಿಕೊಂಡಿತ್ತು. ಅದರ ಕೆಳಗೆ ಬೆರಳಿಟ್ಟರೆ ಕಪ್ಪು ಬಣ್ಣ ಬೆರಳಿಗೆ ಅಂಟಿತು. ಒಂಬತ್ತು ತಿಂಗಳಾದರೂ ಒಣಗಿರಲಿಲ್ಲ. ಮೇಜಿನ ಹಿಂದೆ ಕೂತಿದ್ದ ಹುಡುಗಿ ತುಂಬ ಮರ್ಯಾದೆಯಿಂದ, “ಸರ್, ಬೇಕೆಂದೇ ಹೀಗೆ ಮಾಡಿದ್ದೀರಾ?” ಎಂದು ಕೇಳಿದಳು. ಹೌದು ಎಂದುಬಿಡಲೇ ಎಂದು ಒಂದು ಕ್ಷಣ ಯೋಚಿಸಿದ್ದುಂಟು. ಹೇಳಲಿಲ್ಲ. ತಿಂಗಳಿಗೆ 5,000ದಂತೆ ಏಳು ಕಂತಿನಲ್ಲಿ ಹಣ ಹಿಂದಿರುಗಿಸಿದೆ. ಆ ಗ್ಯಾಲರಿ ಮತ್ತೆಂದೂ ನನ್ನನ್ನು ಕರೆಯಲಿಲ್ಲ. ಅವರದು ತಪ್ಪು ಎನ್ನಲಾರೆ.

ಆದದ್ದು ಇಷ್ಟು, ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ತೈಲವರ್ಣ ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಐವರಿ ಬ್ಲ್ಯಾಕ್ ಎಂದು ಟ್ಯೂಬಿನ ಮೇಲೆ ಬರೆದಿರುವುದು ಹೆಸರಿಗೆ ದಂತ, ಒಳಗಿರುವುದು ಸುಟ್ಟ ಮೂಳೆಯ ಪುಡಿ. ಅದನ್ನು ಅರೆಯಲು ಎಣ್ಣೆ ಬಹಳ ಬೇಕು, ಒಣಗಲು ಬಹಳ ದಿನ ಬೇಕು. ಕಾಡಿಗೆಯಿಂದ ಮಾಡಿದ ಲ್ಯಾಂಪ್ ಬ್ಲ್ಯಾಕ್ ಇನ್ನೂ ಸೋಮಾರಿ. ಅಂಥದ್ದನ್ನು ನಾನು ತಳಕ್ಕೆ ಹಾಕಿದೆ, ಅದೂ ಹೊಳಪು ಬರಲೆಂದು ಮೇಲಿಂದ ಇನ್ನಷ್ಟು ಎಣ್ಣೆ ಬೆರೆಸಿ. ಅದರ ಮೇಲೆ ಯಂತ್ರವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಬಿಳಿ, ಬೂದು, ಕೆಂಪಿನಲ್ಲಿ ಬರೆದೆ. ಎಣ್ಣೆ ಕಡಿಮೆ ಇರುವ ಪದರ ಕೆಳಗೆ, ಹೆಚ್ಚಿರುವುದು ಮೇಲೆ ಎಂಬುದು ಮೊದಲ ವರ್ಷದಲ್ಲಿಯೇ ಕಲಿಸುವ ಪಾಠ. ನಾನು ಅದನ್ನು ತಲೆಕೆಳಗು ಮಾಡಿದೆ. ಬಿಳಿಯೂ ಅಗ್ಗಕ್ಕೆ ಸಿಕ್ಕ ಜಿಂಕ್ ವೈಟ್. ಅದು ವರ್ಷ ಕಳೆದಂತೆ ಬಿಸ್ಕತ್ತಿನಂತೆ ಪೆಡಸಾಗುತ್ತದೆ. ಸಾಲದ್ದಕ್ಕೆ ಮಳೆಗಾಲ. ತೇವ ಹೋಗಲೆಂದು ಎರಡು ದೊಡ್ಡ ಬಲ್ಬು ಉರಿಸಿ, ಟೇಬಲ್ ಫ್ಯಾನ್ ತಿರುಗಿಸಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಒಣಗಿದಂತೆಯೇ ಇತ್ತು. ಒಣಗಿದ್ದು ಸಿಪ್ಪೆ ಮಾತ್ರ, ತಿರುಳಲ್ಲ. ಹಸಿ ಸಗಣಿ ನೆಲದ ಮೇಲೆ ಸುಣ್ಣ ಬಳಿದಂತೆ. ಒಳಗಿನದು ತಿಂಗಳುಗಟ್ಟಲೆ ಕದಲುತ್ತಿರುತ್ತದೆ, ಮೇಲಿನದಕ್ಕೆ ಜಗ್ಗುವ ಶಕ್ತಿ ಇಲ್ಲ. ಒಡೆಯದೆ ಏನು ಮಾಡುತ್ತದೆ?

ನಿಮ್ಮದು ನೀರಿನಲ್ಲಿ ಕಲಸಿ ಬಳಿಯುವ, ಬೇಗ ಒಣಗುವ ಆಕ್ರಿಲಿಕ್ ಕಪ್ಪಾಗಿದ್ದರೆ ಬಚಾವಾದಿರಿ. ಆಕ್ರಿಲಿಕ್ ಮೇಲೆ ತೈಲ ನಡೆಯುತ್ತದೆ, ತೈಲದ ಮೇಲೆ ಆಕ್ರಿಲಿಕ್ ಎಂದಿಗೂ ಬೇಡ. ತೈಲದ ಕಪ್ಪಾಗಿದ್ದರೆ ಆ ಕ್ಯಾನ್ವಾಸನ್ನು ಮರೆತುಬಿಡಿ, ಮೂರು ವಾರದಲ್ಲಿ ಅದು ಆಗುವ ಕೆಲಸವಲ್ಲ. ಕತ್ತಲು ಬೇಕೇ ಬೇಕಿದ್ದರೆ ಬರ್ನ್ಟ್ ಅಂಬರ್ ಎಂಬ ಕಡುಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಕಪ್ಪಿಗಿಂತ ಜೀವಂತವಾಗಿಯೂ ಕಾಣುತ್ತದೆ.

ಆದರೆ ಕತ್ತಲು ಯಾಕೆ ಬೇಕು? ಬರೀ ರಸಾಯನಶಾಸ್ತ್ರದ ತಪ್ಪಾಗಿದ್ದರೆ ಇಷ್ಟು ವರ್ಷ ಕೊರೆಯುತ್ತಿರಲಿಲ್ಲ. ನಾನು ಕಪ್ಪು ಬಳಿದದ್ದು ಭಯ ಎಂದರೆ ಕಪ್ಪು ಎಂದುಕೊಂಡಿದ್ದರಿಂದ. ಎಣ್ಣೆಯ ತಪ್ಪೂ ಯೋಚನೆಯ ತಪ್ಪೂ ಒಂದೇ ಟ್ಯೂಬಿನಿಂದ ಬಂದವು.

ಕಂತು ಕಟ್ಟುತ್ತಿದ್ದ ತಿಂಗಳುಗಳಲ್ಲಿ ಬಣ್ಣಕ್ಕೆ ಕಾಸಿರಲಿಲ್ಲ. ಗ್ರಂಥಾಲಯದಲ್ಲಿ ಕೂತು ಪುಸ್ತಕಗಳಲ್ಲಿ ಅಚ್ಚಾದ ಚಿತ್ರಗಳನ್ನು ನೋಡುತ್ತಿದ್ದೆ. ಹಾಗೆ ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್‌ನ ‘ಸೆಲೆಬೀಸ್’ ಎಂಬ ಚಿತ್ರದ ಮುಂದೆ ಸಿಕ್ಕಿಬಿದ್ದೆ. ಮೂಲಚಿತ್ರ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ, ನಾನು ಅಲ್ಲಿಗೆ ಹೋದವನಲ್ಲ. 1921ರಲ್ಲಿ ಕೊಲೋನ್‌ನಲ್ಲಿ ಬರೆದದ್ದು. ಸರ್ರಿಯಲಿಸಂನ ಪ್ರಣಾಳಿಕೆ ಹೊರಬಂದದ್ದು 1924ರಲ್ಲಿ, ಅಂದರೆ ಚಳವಳಿಗೆ ನಾಮಕರಣ ಆಗುವ ಮೊದಲೇ ಹುಟ್ಟಿದ ಕೂಸು. ಕ್ಯಾನ್ವಾಸಿನ ತುಂಬ ಬಾಯ್ಲರಿನಂಥ ಒಂದು ದುಂಡನೆಯ ಬೂದು ಪ್ರಾಣಿ. ಸೊಂಡಿಲಿನ ಜಾಗದಲ್ಲಿ ಕೊಳವೆ, ಕೊಳವೆಯ ತುದಿಗೆ ಕೊಂಬಿನ ತಲೆ, ಆ ತಲೆಗೆ ನೆರಿಗೆಯ ಕಾಲರು. ಇನ್ನೊಂದು ಕಡೆ ದಂತಗಳೂ ಇಣುಕುತ್ತವೆ. ಮುಖ ಯಾವುದು, ಬೆನ್ನು ಯಾವುದು ಎಂದೇ ತಿಳಿಯುವುದಿಲ್ಲ. ಆಕಾಶದಲ್ಲಿ ಮೀನು ಈಜುತ್ತಿವೆ. ಎಲ್ಲೋ ಒಂದು ಕಡೆ ಹೊಗೆಯ ಎಳೆ. ಮುಂದೆ ತಲೆಯಿಲ್ಲದ ಒಂದು ಹೆಣ್ಣು ಬೊಂಬೆ, ಕೈಗವಸು ತೊಟ್ಟ ಕೈಯನ್ನು ಎತ್ತಿದೆ.

ಅರ್ನ್ಸ್ಟ್ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿದಳದಲ್ಲಿದ್ದವನು. 1914ರ ಆಗಸ್ಟ್ 1ರಂದು ತಾನು ಸತ್ತೆ, 1918ರ ನವೆಂಬರ್ 11ರಂದು ಮತ್ತೆ ಎದ್ದೆ ಎಂದು ತನ್ನ ಬಗ್ಗೆ ಬರೆದುಕೊಂಡವನು. ಯಂತ್ರ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ನೀವೂ ನಾನೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಅವನ ಚಿತ್ರದಲ್ಲಿ ಯಾರೂ ಓಡುತ್ತಿಲ್ಲ, ಯಾರೂ ಚೀರುತ್ತಿಲ್ಲ, ತಲೆಬುರುಡೆ ಇಲ್ಲ. ಬಟಾಬಯಲು, ಹಗಲಿನಂಥ ಬೆಳಕು. ಆ ಬೊಂಬೆ ಯಂತ್ರವನ್ನು ಕಂಡು ಹೆದರಿಲ್ಲ, ‘ಬಾ’ ಎಂದು ಕರೆಯುತ್ತಿದೆ. ನನಗೆ ಮೈ ಜುಮ್ಮೆಂದದ್ದು ಆ ಕೈ ನೋಡಿ, ಯಂತ್ರ ನೋಡಿ ಅಲ್ಲ. ಇದಕ್ಕೂ ಹಿಂದಿನ ವರ್ಷ ಅವನು ಚಿತ್ರದ ತುಂಡುಗಳನ್ನು ಅಂಟಿಸಿ ಮಾಡಿದ ಚಿಕ್ಕ ಕೊಲಾಜ್ ಒಂದಿದೆ, ಕೊಲೆಗಡುಕ ವಿಮಾನದ್ದು. ಅಲ್ಲಿ ವಿಮಾನಕ್ಕೆ ಮನುಷ್ಯರ ತೋಳುಗಳಿವೆ, ನುಣುಪಾದ ತೋಳುಗಳು. ಕೆಳಗೆ ಗಾಯಾಳುವನ್ನು ಹೊತ್ತ ಪುಟ್ಟ ಸೈನಿಕರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಯಂತ್ರವನ್ನು ಇನ್ನಷ್ಟು ಭಯಾನಕ ಮಾಡಬೇಡಿ. ಕೆಂಪು ಕಣ್ಣಿನ ರೋಬೋ ಈಗ ಮಕ್ಕಳ ಟಿಫಿನ್ ಡಬ್ಬಿಯ ಮೇಲೂ ಇದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಯಂತ್ರ ರಾಕ್ಷಸನಾದ ಕೂಡಲೇ ನೋಡುವವನು ನಿರಾಳನಾಗುತ್ತಾನೆ: ಅವನು ಅಲ್ಲಿದ್ದಾನೆ, ನಾನು ಇಲ್ಲಿದ್ದೇನೆ, ಯಾರಾದರೂ ಬಂದು ಅವನನ್ನು ಕೊಲ್ಲುತ್ತಾರೆ. ನಮಗೆ ಅಸುರರ ಕಥೆ ಮುಗಿಯುವುದು ಹೇಗೆಂದು ಗೊತ್ತಲ್ಲ. ನನ್ನ ಚಿತ್ರದ ಹೆಸರೇ ಅದರ ಹಲ್ಲು ಕಿತ್ತಿತ್ತು.

ಎಐ ಬಳಿ ಕರಡು ಚಿತ್ರ ಮಾಡಿಸಿಕೊಂಡು ಅದನ್ನು ನೋಡಿ ಬರೆಯಬಹುದೇ ಎಂದೂ ಕೇಳಿದ್ದೀರಿ. ಯಂತ್ರ ನುಂಗುತ್ತದೆ ಎಂಬ ಚಿತ್ರಕ್ಕೆ ಯಂತ್ರವನ್ನೇ ಕೇಳುವುದು ತಮಾಷೆಯಾಗಿದೆ, ಆದರೆ ನನ್ನ ತಕರಾರು ಅದಲ್ಲ. ನೋಡಿ ಬರೆಯುವುದು ಪಾಪವೇನೂ ಅಲ್ಲ. ಸೆಲೆಬೀಸ್‌ನ ಆ ದೈತ್ಯ ದೇಹವೂ ಅರ್ನ್ಸ್ಟ್ ತಲೆಯಿಂದ ಉದುರಿದ್ದಲ್ಲ. ಆಫ್ರಿಕಾದ ಮಣ್ಣಿನ ಕಣಜವೊಂದರ ಫೋಟೋ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಅದನ್ನು ನೋಡಿ ಬರೆದದ್ದು. ಧಾನ್ಯ ತುಂಬಿಡುವ ಕಣಜ! ಅನ್ನದ ಪಾತ್ರೆ ಅವನ ಕಣ್ಣಿಗೆ ಯಂತ್ರವಾಗಿ ಕಂಡಿತು. ಎಐ ನಿಮಗೆ ಕಣಜ ಕೊಡುವುದಿಲ್ಲ. ‘ಭಯಾನಕ ಯಂತ್ರ’ ಎಂದು ಕೇಳಿದರೆ ನನ್ನ ಯಂತ್ರಾಸುರನನ್ನೇ ಇನ್ನೂ ಚೆನ್ನಾಗಿ ಬರೆದು ಕೊಡುತ್ತದೆ, ಬಿರುಕಿಲ್ಲದೆ.

ಕಣಜದ ವಿಷಯ ಓದಿದ ದಿನ ನಾನು ಪುಸ್ತಕ ಮುಚ್ಚಿ ಎದ್ದುಹೋದೆ. ಯಾಕೆಂದರೆ ನಮ್ಮಪ್ಪನದು ಹಿಟ್ಟಿನ ಗಿರಣಿ, ಹರಿಹರದ ಹತ್ತಿರ. ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ಕೆಳಗೆ ಹಿಟ್ಟು ಇಳಿಯುವ ಬಟ್ಟೆಯ ಕೊಳವೆ. ಓಡುವಾಗ ಆ ಕೊಳವೆ ಉಬ್ಬಿ ಆನೆಯ ಸೊಂಡಿಲಿನಂತೆ ಆಡುತ್ತದೆ. ಅದರ ಕೆಳಗೆ ಆಡಿ ಬೆಳೆದವನು ನಾನು, ಲಗ್ಗೆರೆಯಲ್ಲಿ ಕೂತು ಕ್ರೇನು ಬರೆಯುತ್ತಿದ್ದೆ!

ಅಪ್ಪನ ಬಲಗೈಯ ಉಂಗುರ ಬೆರಳಿಗೆ ತುದಿ ಇಲ್ಲ. ಬೆಲ್ಟು ಜಾರುತ್ತದೆಂದು ಓಡುವ ಬೆಲ್ಟಿಗೆ ರಾಳ ಹಚ್ಚಲು ಹೋಗಿ ಕಳೆದುಕೊಂಡದ್ದು, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಆ ವರ್ಷವೂ ಆಯುಧಪೂಜೆ ನಿಲ್ಲಲಿಲ್ಲ. ಮೇನ್ ಸ್ವಿಚ್ ಆರಿಸಿ, ಗಿರಣಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಮೋಟಾರಿಗೆ ಕುಂಕುಮ ಇಟ್ಟರು. ಕುಂಕುಮ ಇಡುವುದು ಉಂಗುರ ಬೆರಳಿನಿಂದ. ಮೊಂಡು ಬೆರಳಿನದಾದ್ದರಿಂದ ಬೊಟ್ಟು ದುಂಡಗೆ ಬರುವುದಿಲ್ಲ, ಸ್ವಲ್ಪ ಅಗಲವಾಗಿ ಒರೆಸಿದಂತೆ ಬರುತ್ತದೆ. ಪ್ರತಿ ವರ್ಷ ಹಾಗೆಯೇ. ಬೆರಳು ತಿಂದ ಯಂತ್ರಕ್ಕೆ ಅದೇ ಬೆರಳಿನಿಂದ ಕುಂಕುಮ. ಅಪ್ಪನಿಗೆ ಅದರಲ್ಲಿ ವಿಶೇಷವೇನೂ ಕಂಡಿಲ್ಲ, ನನಗೂ ಎಷ್ಟೋ ವರ್ಷ ಕಂಡಿರಲಿಲ್ಲ.

2014ರಲ್ಲಿ ಅದನ್ನು ಬರೆದೆ. ಮೂರಡಿ, ಎರಡಡಿ. ಕಪ್ಪು ಟ್ಯೂಬು ತೆರೆಯಲೇ ಇಲ್ಲ. ಗಿರಣಿಯಲ್ಲಿ ಎಲ್ಲವೂ ಬಿಳಿ: ಗೋಡೆ, ಜೇಡರ ಬಲೆ, ಅಪ್ಪನ ರೆಪ್ಪೆ. ಟೈಟಾನಿಯಂ ಬಿಳಿಗೆ ಚೂರು ಅಂಬರ್, ಚೂರು ನೀಲಿ, ಅಷ್ಟೇ. ಸರತಿಯಲ್ಲಿ ಜನ ಇಲ್ಲ, ಹಿಟ್ಟಿನ ಡಬ್ಬಿಗಳಷ್ಟೇ ನಿಂತಿವೆ, ಆದರೆ ನೆಲದ ಮೇಲೆ ಬಿದ್ದಿರುವುದು ಮನುಷ್ಯರ ನೆರಳು. ಸೊಂಡಿಲು ಉಬ್ಬಿದೆ, ಸ್ವಿಚ್ ಆರಿದೆ. ಪಕ್ಕದಿಂದ ಒಂದು ಕೈ ಬರುತ್ತಿದೆ. ಎಣ್ಣೆ ಕಡಿಮೆಯ ಪದರದಿಂದ ಶುರುಮಾಡಿ, ಪದರಕ್ಕೂ ಪದರಕ್ಕೂ ಹತ್ತು ಹನ್ನೆರಡು ದಿನ ಬಿಟ್ಟು, ಐದು ತಿಂಗಳು ಹಿಡಿಯಿತು. ಯಾವ ಪ್ರದರ್ಶನಕ್ಕೂ ಅವಸರ ಇರಲಿಲ್ಲ, ಯಾರೂ ಕರೆದಿರಲೂ ಇಲ್ಲ. ನಿಮ್ಮ ಮೂರು ವಾರದ ಗಡುವಿಗೂ ನನ್ನ ಸಲಹೆ ಇದೇ: ಹಳೆಯದೇನಾದರೂ ಇದ್ದರೆ ಅದನ್ನು ಕಳಿಸಿ, ಇದನ್ನು ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಯಾವ ಯಂತ್ರಕ್ಕೆ ಯಾರು ಕೈಯೆತ್ತಿ ‘ಬಾ’ ಎನ್ನುತ್ತಿದ್ದಾರೆ ಎಂದು ಒಂದೆರಡು ತಿಂಗಳು ನೋಡುತ್ತ ಇರಿ.

ಚಿತ್ರವನ್ನು ಊರಿಗೆ ಒಯ್ದಾಗ ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನ ಬಗ್ಗೆ ಏನೂ ಅನ್ನಲಿಲ್ಲ. “ಬೆಲ್ಟು ನೇರ ಹಾಕಿದ್ದೀಯ, ಹೀಗೆ ಹಾಕಿದರೆ ಕಲ್ಲು ಉಲ್ಟಾ ತಿರುಗುತ್ತದೆ. ನಮ್ಮದು ಅಡ್ಡ ಹೆಣಿಗೆ,” ಎಂದರು. ನಿಜ, ನಮ್ಮ ಗಿರಣಿಯ ಬೆಲ್ಟು ನಡುವೆ ಕತ್ತರಿ ಹಾಕಿಕೊಂಡು ಹೋಗುತ್ತದೆ. ಅಲ್ಲಿಯೇ ಕೂತು ತಿದ್ದಿದೆ. ಚಿತ್ರ ಮಾರಿಲ್ಲ, ಗಿರಣಿಯ ಗೋಡೆಯ ಮೇಲೆಯೇ ಇದೆ. ಚೌಕಟ್ಟಿನ ಮೇಲಂಚಿನಲ್ಲಿ ಒಂದು ಬೆರಳು ದಪ್ಪ ಹಿಟ್ಟು ಕೂತಿದೆ. ಹೋದ ದಸರೆಯಲ್ಲಿ ಊದಿ ನೋಡಿದೆ, ಎಲ್ಲಿಯೂ ಬಿರುಕು ಬಿಟ್ಟಿಲ್ಲ.