ಸೈಕ್ಸ್ ಎಂದರೆ ಹಳ್ಳದಮನಿ

ತಮ್ಮಾ, ನಿನ್ನ ಪತ್ರ ಬಂದು ಎಂಟು ದಿನವಾಯಿತು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಡರ್ಸ್‌ಫೀಲ್ಡಿಗೆ ಬಂದು ಇನ್ನೂ ಮೂರು ವಾರ, ಆಗಲೇ ಹೆಸರಿನ ತಲೆನೋವು ಶುರುವಾಗಿದೆ ಎಂದು ಬರೆದಿದ್ದೀಯ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವನು ಇಲ್ಲಿ ಏನು ಮಾಡಬೇಕು ಎಂದು ಕೇಳಿದ್ದೀಯ. ಕಚೇರಿಯಲ್ಲಿ ಸೈಕ್ಸ್ ಎಂಬ ಅಡ್ಡಹೆಸರಿನವರು ಮೂವರಿದ್ದಾರೆ, ನೀವು ಅಣ್ಣತಮ್ಮಂದಿರೇ ಎಂದರೆ ಮೂವರೂ ನಕ್ಕರು, ಏಕೆ ಎಂದಿದ್ದೀಯ. ಮೇ ತಿಂಗಳಲ್ಲಿ ಹುಟ್ಟುವ ಕೂಸಿಗೆ ಯಾವ ಅಡ್ಡಹೆಸರು ಬರೆಸಲಿ ಎಂದೂ ಕೇಳಿದ್ದೀಯ. ಚಳಿ, ಮನೆಬಾಡಿಗೆ, ತೊಗರಿಬೇಳೆಯ ಬೆಲೆ ಎಲ್ಲವನ್ನೂ ಬಿಟ್ಟು ಇದನ್ನು ಕೇಳಿದವನು ನೀನೊಬ್ಬನೇ. ನಡುವಿನ ಪ್ರಶ್ನೆಯಲ್ಲಿ ರಸ ಹೆಚ್ಚು, ಅಲ್ಲಿಂದಲೇ ಹಿಡಿಯುತ್ತೇನೆ.

ನಾನು ಇಲ್ಲಿಯ ಔಷಧದ ಅಂಗಡಿಯೊಂದರ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತಿದ್ದೇನೆ. ಡಾಕ್ಟರರ ಚೀಟಿ ಕಂಪ್ಯೂಟರಿಗೆ ಬರುತ್ತದೆ. ಮಾತ್ರೆಗಳನ್ನು ಕಾಗದದ ಚೀಲಕ್ಕೆ ಹಾಕಿ, ಅಡ್ಡಹೆಸರಿನ ಮೊದಲ ಅಕ್ಷರ ನೋಡಿ ಬೆನ್ನ ಹಿಂದಿನ ಕಪಾಟಿನಲ್ಲಿ ಜೋಡಿಸುತ್ತೇವೆ. ಬೇರೆ ಅಕ್ಷರಗಳಿಗೆ ಒಂದೊಂದು ಖಾನೆ ಸಾಕು, ಎಸ್ ಅಕ್ಷರಕ್ಕೆ ಎರಡು ಕೊಟ್ಟರೂ ಚೀಲಗಳು ಅಂಚಿನಿಂದ ಜಾರುತ್ತವೆ. ಶಾ, ಸ್ಕೋಫೀಲ್ಡ್, ಸಟ್‌ಕ್ಲಿಫ್, ಸ್ಮಿತ್, ಮತ್ತೆ ಸೈಕ್ಸ್, ಸೈಕ್ಸ್, ಸೈಕ್ಸ್. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಮುದುಕರು ಬಂದು ‘ಸೈಕ್ಸ್’ ಎಂದರು. ಜೆ. ಸೈಕ್ಸ್ ಎಂದಿದ್ದ ಚೀಲ ಕೈಗೆ ಸಿಕ್ಕಿತು, ಎತ್ತಿ ಕೊಡಲು ಹೋದೆ. ಪಕ್ಕದಲ್ಲಿದ್ದ ಹಿರಿಯಳು ನನ್ನ ಮುಂಗೈ ಹಿಡಿದು ‘ವಿಳಾಸ ಕೇಳು’ ಎಂದಳು. ಅದೇ ಬೀದಿಯಲ್ಲಿ ಎರಡು ಮನೆ ಆಚೆಗೆ ಇನ್ನೊಬ್ಬರು ಜೆ. ಸೈಕ್ಸ್ ಇದ್ದರು. ಒಬ್ಬರದು ಸಕ್ಕರೆ ಕಾಯಿಲೆಯ ಮಾತ್ರೆ, ಇನ್ನೊಬ್ಬರದು ರಕ್ತ ತೆಳುವಾಗಿಸುವ ಮಾತ್ರೆ. ಆ ಸಂಜೆ ಮನೆಗೆ ಹೋದ ಮೇಲೂ ಕೈ ನಡುಗುತ್ತಿತ್ತು. ಅಂದಿನಿಂದ ಹೆಸರು ಕೇಳಿದ ಬಾಯಲ್ಲೇ ವಿಳಾಸ ಕೇಳುವುದು ರೂಢಿಯಾಗಿದೆ.

ಸೈಕ್ಸ್ ಎಂಬುದೂ ಮೊದಲು ಒಂದು ವಿಳಾಸವೇ ಆಗಿತ್ತು ಎಂದು ಆಮೇಲೆ ತಿಳಿಯಿತು. ಹಳೆಯ ಇಂಗ್ಲಿಷಿನ ‘ಸೀಕ್’ ಎಂದರೆ ಸಣ್ಣ ತೊರೆ, ಹೊಲದ ಬದುವಿನ ಹಳ್ಳ. ಎರಡು ಊರುಗಳ ಗಡಿಯಾಗಿ ಹರಿಯುತ್ತಿದ್ದ ಎಷ್ಟೋ ಹಳ್ಳಗಳಿಗೆ ಯಾರ್ಕ್‌ಷೈರಿನಲ್ಲಿ ಇದೇ ಹೆಸರು. ಹಳ್ಳದ ದಂಡೆಯಲ್ಲಿ ಮನೆ ಇದ್ದವನನ್ನು ಲ್ಯಾಟಿನ್, ಫ್ರೆಂಚ್ ಕಲಿತ ಗುಮಾಸ್ತರು ತಮ್ಮ ಕಾಗದಗಳಲ್ಲಿ ‘ಡೆಲ್ ಸೈಕ್’ ಎಂದು ಬರೆದುಕೊಂಡರು, ಹಳ್ಳದ ಇಂಥವನು ಎಂದು. ನನ್ನ ತವರಿನ ಹೆಸರು ಹಳ್ಳದಮನಿ. ಧಾರವಾಡದ ಕಡೆಯವನಾದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಗೊತ್ತುಮಾಡಿಕೊಂಡ ದಿನ ನಾನು ಎಸ್ ಖಾನೆಯ ಮುಂದೆ ನಿಂತು ಒಬ್ಬಳೇ ನಕ್ಕೆ. ಇಷ್ಟು ದಿನ ಎಷ್ಟು ಜನ ಹಳ್ಳದಮನಿಯವರಿಗೆ ಮಾತ್ರೆ ಕೊಟ್ಟಿದ್ದೇನೋ!

ಒಮ್ಮೆ ಈ ಕಣ್ಣು ಬಂದರೆ ಊರಿನ ಅಂಗಡಿಗಳ ಫಲಕಗಳೆಲ್ಲ ನಮ್ಮ ಕಡೆಯ ಹೆಸರುಗಳಾಗಿ ಕಾಣುತ್ತವೆ. ಆರ್ಮಿಟೇಜ್ ಎಂದರೆ ಸನ್ಯಾಸಿಯ ವಾಸಸ್ಥಾನ, ಅಂದರೆ ನಮ್ಮ ಮಠದವರು. ಪಟ್ಟಣದ ದಕ್ಷಿಣಕ್ಕೆ ಆರ್ಮಿಟೇಜ್ ಬ್ರಿಜ್ ಎಂಬ ಊರು ಇವತ್ತಿಗೂ ಇದೆ. ಆಕ್ರಾಯ್ಡ್ ಎಂದರೆ ಓಕ್ ಮರಗಳ ನಡುವೆ ಕಡಿದು ಮಾಡಿದ ಹೊಲ. ಸಟ್‌ಕ್ಲಿಫ್ ತೆಂಕಣ ಬಂಡೆಯ ಕಡೆಯವರು. ಡೈಸನ್ ತಾಯಿಯಿಂದ ಬಂದ ಹೆಸರು: ಡಯೊನೀಸಿಯಾ ಎಂಬ ಹೆಣ್ಣುಮಗಳನ್ನು ಮುದ್ದಿನಿಂದ ‘ಡೈ’ ಎನ್ನುತ್ತಿದ್ದರು, ಅವಳ ಮಗ ಡೈಸನ್. ಅಪ್ಪನ ಹೆಸರೇ ನಡೆಯುವ ದೇಶದಲ್ಲಿ ಅವ್ವನ ಹೆಸರೊಂದು ಏಳುನೂರು ವರ್ಷ ಬಾಳಿದೆ. ನನಗೆ ಅದು ಹೆಚ್ಚು ಇಷ್ಟ.

ಈ ಹೆಸರುಗಳು ಸ್ಥಿರವಾಗಿದ್ದು ಒಂದೇ ದಿನದಲ್ಲಿ ಅಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದ ಮೇಲೆ ಮೊದಲು ಜಮೀನ್ದಾರರಿಗೆ ವಂಶದ ಹೆಸರುಗಳು ಬಂದವು. ರೈತರವರೆಗೆ ಇಳಿಯಲು ಇನ್ನೂ ಇನ್ನೂರು ಮುನ್ನೂರು ವರ್ಷ ಬೇಕಾಯಿತು, ಅದರಲ್ಲೂ ಉತ್ತರದ ಈ ಕಡೆ ತಡ. 1379ರಲ್ಲಿ ರಾಜ ತಲೆಗಂದಾಯ ಹಾಕಿದಾಗ ಬಡವರೂ ನಾಲ್ಕು ಪೆನ್ನಿ ಕೊಡಬೇಕಾಯಿತು. ವೆಸ್ಟ್ ರೈಡಿಂಗಿನ, ಅಂದರೆ ಯಾರ್ಕ್‌ಷೈರಿನ ಈ ಪಶ್ಚಿಮ ಭಾಗದ, ಆ ಪಟ್ಟಿ ಊರೂರಿನ ಲೆಕ್ಕದಲ್ಲಿ ಉಳಿದುಬಂದಿದೆ. ಕಂದಾಯದವರಿಗೆ ಹೆದರಿ ಜನ ಕಟ್ಟಿದ ಹಣ ಹೋಯಿತು, ಹೆಸರುಗಳು ಇತಿಹಾಸಕಾರರ ಪಾಲಾದವು. 1538ರಿಂದ ಪ್ರತಿ ಚರ್ಚಿನಲ್ಲಿ ಕೂಸಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆಯುವ ಪುಸ್ತಕ ಕಡ್ಡಾಯವಾದ ಮೇಲಂತೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಈಗ ನಿನ್ನ ಮೂವರು ಸೈಕ್ಸ್. ಹಳ್ಳ ಎಲ್ಲಿ ಇಲ್ಲ? ಹಾಗಾದರೆ ಹಳ್ಳದ ಹೆಸರಿನವರು ಹತ್ತು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕು, ಒಬ್ಬರಿಗೊಬ್ಬರು ಸಂಬಂಧವಿರಲಾರದು. ವಿದ್ವಾಂಸರೂ ಹೀಗೆಯೇ ನಂಬಿದ್ದರು. ಆಕ್ಸ್‌ಫರ್ಡಿನಲ್ಲಿ ಬ್ರಯನ್ ಸೈಕ್ಸ್ ಎಂಬ ತಳಿವಿಜ್ಞಾನಿ ಇದ್ದರು. ದೊಡ್ಡ ಔಷಧ ಕಂಪನಿಯ ಮುಖ್ಯಸ್ಥ ಸರ್ ರಿಚರ್ಡ್ ಸೈಕ್ಸ್ ನಿಮಗೆ ನೆಂಟರೇ ಎಂದು ಯಾರೋ ಕೇಳಿದ್ದರಿಂದ ಅವರಿಗೆ ಹುಳ ಹೊಕ್ಕಿತು. ಯಾರ್ಕ್‌ಷೈರ್, ಲ್ಯಾಂಕಾಷೈರ್, ಚೆಷೈರ್‌ನ ಸೈಕ್ಸ್ ಗಂಡಸರಿಗೆ ಕಾಗದ ಬರೆದು, ಕೆನ್ನೆಯ ಒಳಗಿನ ಜೀವಕೋಶಗಳನ್ನು ತರಿಸಿಕೊಂಡರು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವನ್ನು ನೋಡಿದರೆ, 48 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯದು ಒಂದೇ ನಮೂನೆ. ಅದೇ ಸೀಮೆಯ ಬೇರೆ ಹೆಸರಿನವರಲ್ಲಿ ಆ ನಮೂನೆ ಕಾಣಲಿಲ್ಲ. 2000ದಲ್ಲಿ ಅದು ಪ್ರಕಟವಾಯಿತು. ಹಾಗಾದರೆ ಈ ಸೈಕ್ಸರ ದೊಡ್ಡ ಪಾಲು ಒಂದೇ ಹಳ್ಳದ ಒಬ್ಬನೇ ಮುತ್ತಜ್ಜನ ಸಂತಾನ.

ಉಳಿದ ಅರ್ಧ? ದತ್ತು ಬಂದವರು, ಅವ್ವನ ಹೆಸರು ಹೊತ್ತವರು, ಮತ್ತೆ ಅಪ್ಪ ಎಂದುಕೊಂಡವನು ಅಪ್ಪನಲ್ಲದವರು. ಏಳುನೂರು ವರ್ಷಕ್ಕೆ ಹಂಚಿದರೆ ಇದು ತಲೆಮಾರಿಗೆ ಶೇ. 1.3 ಮಾತ್ರ ಎಂದು ಬ್ರಯನ್ ಸೈಕ್ಸ್ ಲೆಕ್ಕ ಹಾಕಿದರು. ಬೇರೆ ಹಳ್ಳಗಳ ಸೈಕ್ಸರೂ ಆ ಉಳಿದ ಅರ್ಧದಲ್ಲಿ ಸೇರಿದ್ದರೆ ಈ ಲೆಕ್ಕ ಇನ್ನೂ ಇಳಿಯುತ್ತದೆ. ನನ್ನ ಕೌಂಟರಿಗೆ ಬರುವ ಒಬ್ಬ ಸೈಕ್ಸ್ ಅಜ್ಜನಿಗೆ ಇದನ್ನು ಹೇಳಿದೆ. ಪರೀಕ್ಷೆ ಮಾಡಿಸುತ್ತೀರಾ ಎಂದರೆ, ‘ಈ ವಯಸ್ಸಿನಲ್ಲಿ ನನಗೆ ಒಂದು ಹಳ್ಳ ಇದೆ, ಅದೂ ಹೋಗುವುದು ಬೇಡ’ ಎಂದರು.

ನಿನ್ನ ಕಚೇರಿಯ ಮೂವರು ನಕ್ಕಿದ್ದು ಅದಕ್ಕೇ ಇರಬೇಕು. ಆ ಪ್ರಶ್ನೆಯನ್ನು ಅವರು ಶಾಲೆಯಿಂದ ಕೇಳಿಸಿಕೊಂಡು ಬಂದಿದ್ದಾರೆ. ಅಣ್ಣತಮ್ಮಂದಿರಲ್ಲ, ಆದರೆ ಇಪ್ಪತ್ತು ತಲೆಮಾರು ಹಿಂದೆ ಹೋದರೆ ಅಲ್ಲ ಎಂದೂ ಹೇಳುವಂತಿಲ್ಲ.

ಒಂದೇ ಸೀಮೆಯಲ್ಲಿ ಇಷ್ಟು ಗಟ್ಟಿಯಾಗಿ ಏಕೆ ಉಳಿದರು ಎಂಬುದಕ್ಕೆ ಕೋಲ್ನ್ ನದಿಯ ಕಣಿವೆಯನ್ನೇ ನೋಡಬೇಕು. ಬಸ್ಸಿನಲ್ಲಿ ಮಾರ್ಸ್‌ಡೆನ್ ಕಡೆಗೆ ಹೋಗುವಾಗ ಗುಡ್ಡದ ಮೇಲಿನ ಕಲ್ಲಿನ ಮನೆಗಳ ಮೇಲಂತಸ್ತು ಗಮನಿಸು: ಒಂದಕ್ಕೊಂದು ಅಂಟಿಕೊಂಡು ಆರು, ಎಂಟು ಕಿಟಕಿಗಳು. ಒಳಗೆ ಕೈಮಗ್ಗ ಇತ್ತು, ನೇಯಲು ಬೆಳಕು ಬೇಕಿತ್ತು. ಕೆಳಗೆ ಒಂದೆರಡು ಹಸು, ತುಂಡು ಹೊಲ, ಮೇಲೆ ಮಗ್ಗ. ಮಣ್ಣು ಬಡವಾದರೂ ಉಣ್ಣೆ ಕೈಬಿಡಲಿಲ್ಲ, ಹಾಗಾಗಿ ಜನ ಕಣಿವೆ ಬಿಟ್ಟು ಹೋಗಲಿಲ್ಲ. ಆಮೇಲೆ ಗಿರಣಿಗಳು ಬಂದಾಗ ಕೆಲಸ ಗುಡ್ಡ ಇಳಿದು ನದಿ ದಂಡೆಗೆ ಬಂತು, ಅಷ್ಟೇ. ಇದರ ಜೊತೆಗೆ ಅದೃಷ್ಟವೂ ಸೇರಿದೆ. 1348-49ರ ಪ್ಲೇಗಿನಲ್ಲಿ ಎಷ್ಟೋ ಮನೆತನಗಳು ಹೆಸರಿಲ್ಲದೆ ಹೋದವು, ಬದುಕಿದವನಿಗೆ ಗಂಡುಮಕ್ಕಳು ಹೆಚ್ಚಾದರೆ ಊರೆಲ್ಲ ಅವನದೇ ಹೆಸರು. 1881ರ ಜನಗಣತಿಯ ಹೆಸರುಗಳನ್ನು ನಕ್ಷೆಗೆ ಹಾಕಿದರೆ ಸೈಕ್ಸರ ಗಾಢ ಬಣ್ಣ ಹಡರ್ಸ್‌ಫೀಲ್ಡಿನ ಸುತ್ತಲೇ ಕೂರುತ್ತದೆ, ಪೆನೈನ್ ಬೆಟ್ಟ ದಾಟಿ ಸ್ಯಾಡಲ್‌ವರ್ತ್, ಓಲ್ಡಮ್‌ವರೆಗೆ ಚೆಲ್ಲುತ್ತದೆ. ಇವತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ ಎಲ್ಲೆಡೆ ಇದ್ದಾರೆ. ಮೇರಿಲ್ಯಾಂಡಿನಲ್ಲಿ ಸೈಕ್ಸ್‌ವಿಲ್ ಎಂಬ ಊರೇ ಇದೆ. ಆದರೂ ನಕ್ಷೆಯ ಕಲೆ ಎದ್ದುಹೋಗಿಲ್ಲ, ನನ್ನ ಕಪಾಟೇ ಸಾಕ್ಷಿ.

ನಮ್ಮ ಕಡೆಗೂ ಅವರು ಬಂದುಹೋಗಿದ್ದಾರೆ. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ (1790–1872) ಮುಂಬಯಿ ಸೇನೆಯಲ್ಲಿದ್ದುಕೊಂಡು ದಖ್ಖನಿನ ಹಕ್ಕಿಗಳನ್ನು ಪಟ್ಟಿಮಾಡಿದ. ಒಣ ಬಯಲಿನಲ್ಲಿ ಜುಟ್ಟು ನಿಮಿರಿಸಿಕೊಂಡು ಓಡಾಡುವ ಒಂದು ಕಂದು ನೆಲಗುಬ್ಬಿಗೆ ಇಂದಿಗೂ ಇಂಗ್ಲಿಷಿನಲ್ಲಿ ಅವನದೇ ಹೆಸರು. ಸರ್ ಫ್ರೆಡರಿಕ್ ಸೈಕ್ಸ್ 1928ರಿಂದ 1933ರವರೆಗೆ ಮುಂಬಯಿ ಪ್ರಾಂತದ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಆ ಪ್ರಾಂತದವೇ. ಅಂಕೋಲೆಯಲ್ಲಿ ನಮ್ಮವರು ಉಪ್ಪು ಮಾಡಿ ಜೈಲಿಗೆ ಹೋದದ್ದು ಈ ಸೈಕ್ಸರ ಕಾಲದಲ್ಲಿ. ಒಬ್ಬ ಹಳ್ಳದಮನಿ ನಮ್ಮ ಅಜ್ಜಂದಿರನ್ನು ಆಳಿದ ಎಂದರೆ ಗಾಂಭೀರ್ಯ ಕಡಿಮೆಯಾಗುತ್ತದೆ, ಆದರೂ ಅರ್ಥ ಅಷ್ಟೇ.

ಇನ್ನೊಂದು ಎಚ್ಚರ. ನಮ್ಮಲ್ಲಿ ಅಡ್ಡಹೆಸರು ಕೇಳುವುದು ಹೆಚ್ಚಾಗಿ ‘ಯಾವ ಮಂದಿ’ ಎಂದು ತಿಳಿಯಲು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಮನೆಯವರೂ ಹಾಗೆಯೇ ಕೇಳುತ್ತಿದ್ದರು. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡ. ಇಲ್ಲಿ ಹೆಸರು ಕಣಿವೆಯನ್ನು ಹೇಳುತ್ತದೆ. ಯಾರು ಎಷ್ಟು ಉಳ್ಳವರ ಮನೆಯವರು ಎಂಬುದನ್ನು ಜನ ಉಚ್ಚಾರದಿಂದ ಅಳೆಯುತ್ತಾರೆ, ಅದು ಬೇರೆ ರೋಗ. ಈ ಊರಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಕುಟುಂಬಗಳಿವೆ, ಅವರ ಹೆಸರುಗಳೂ ಅಚ್ಚ ಇಂಗ್ಲಿಷ್. ಅಜ್ಜಂದಿರನ್ನು ಗುಲಾಮರಾಗಿ ಇಟ್ಟುಕೊಂಡವರಿಂದ ಬಂದ ಹೆಸರು ಎಷ್ಟೋ ಮನೆಗಳಲ್ಲಿ ಉಳಿದಿದೆ. ‘ನಿಮಗೆ ಈ ಹೆಸರು ಹೇಗೆ’ ಎಂದು ಅವರನ್ನು ಕೇಳಬೇಡ. ಬಿಳಿ ಮುಖ ನೋಡಿ ‘ಇವರು ಮೂಲದವರು’ ಎಂದೂ ತೀರ್ಮಾನಿಸಬೇಡ. 2007ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದವರು ಈಸ್ಟ್ ಯಾರ್ಕ್‌ಷೈರಿನ ಒಂದು ಅಪರೂಪದ ಅಡ್ಡಹೆಸರಿನ 18 ಗಂಡಸರನ್ನು ಪರೀಕ್ಷಿಸಿದರೆ, ಏಳು ಜನರಲ್ಲಿ ಪಶ್ಚಿಮ ಆಫ್ರಿಕದ ವೈ ವರ್ಣತಂತು ಸಿಕ್ಕಿತು. ಕನಿಷ್ಠ ಹದಿನೆಂಟನೇ ಶತಮಾನದಿಂದ ಅದು ಯಾರ್ಕ್‌ಷೈರಿನಲ್ಲೇ ಇದೆ. ಮೊದಲು ಪರೀಕ್ಷೆಗೆ ಬಂದ ಮನುಷ್ಯನಿಗೆ ಅದರ ಸುಳಿವೂ ಇರಲಿಲ್ಲ.

ಇನ್ನು ನಿನ್ನ ಖಾಲಿ ಜಾಗ. ಹೆದರಬೇಡ, ಆದರೆ ಹಟವನ್ನೂ ಮಾಡಬೇಡ. ವೀಸಾ ದಾಖಲೆಯಲ್ಲಿ ಹೆಸರು ಯಾವ ಕ್ರಮದಲ್ಲಿ, ಯಾವ ಅಕ್ಷರಗಳಲ್ಲಿ ಬಂದಿದೆಯೋ ಅದನ್ನೇ ಬ್ಯಾಂಕು, ಡಾಕ್ಟರು, ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲದರಲ್ಲೂ ಬರೆಸು. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಹಾಕಿದರೆ ನೀನು ಇಬ್ಬರಾಗುತ್ತೀಯ, ಆಮೇಲೆ ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ವರ್ಷ ಬೇಕು. ನನಗೆ ಎರಡು ವರ್ಷ ಹಿಡಿಯಿತು. ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯುವುದಾದರೆ ಮೊದಲು ಭಾರತದ ಪಾಸ್‌ಪೋರ್ಟಿನಲ್ಲಿ ಬರೆಸು, ಇಲ್ಲಿಯದು ಆಮೇಲೆ. ಕಚೇರಿಯಲ್ಲಿ ಮೇಲಧಿಕಾರಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ಸರ್ ಎಂದರೆ ತಿರುಗಿ ನೋಡುವುದಿಲ್ಲ. ಅದಕ್ಕೆ ಬೇಗ ಒಗ್ಗಿಕೊಳ್ಳುತ್ತೀಯ.

ಕೂಸಿನ ಜನನವನ್ನು 42 ದಿನದೊಳಗೆ ನೋಂದಾಯಿಸಬೇಕು. ಅಪ್ಪನ ಹೆಸರೇ ಇರಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಇಲ್ಲ. ನಿನ್ನದು, ನಿನ್ನ ಹೆಂಡತಿಯದು, ಎರಡನ್ನೂ ಸೇರಿಸಿದ್ದು, ಯಾವುದಾದರೂ ಸರಿ. ನಿನ್ನ ಅಜ್ಜಿಯ ಮನೆಯವರಿಗೆ ಊರಿನಲ್ಲಿ ಕಟ್ಟೀಮನಿ ಎನ್ನುತ್ತಿದ್ದರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀಯ. ಅದನ್ನು ಇಂಗ್ಲಿಷಿನಲ್ಲಿ ಬರೆದು ನೋಡು, ಇಲ್ಲಿಯವರ ಬಾಯಿಗೆ ಸಲೀಸಾಗಿ ಬರುತ್ತದೆ. ನಿನ್ನ ಹೆಂಡತಿ ಏನು ಹೇಳುತ್ತಾಳೆ ಎಂದು ಮೊದಲು ಕೇಳು, ಹೊರುವವಳು ಅವಳು.

ಶನಿವಾರ ನನ್ನ ಪಾಳಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ. ಪಾಸ್‌ಪೋರ್ಟು, ಬ್ಯಾಂಕಿನಿಂದ ಬಂದ ಕಾಗದ ಎರಡನ್ನೂ ತೆಗೆದುಕೊಂಡು ಇಬ್ಬರೂ ಮನೆಗೆ ಬನ್ನಿ. ಊಟಕ್ಕೆ ಜೋಳದ ರೊಟ್ಟಿ, ಹಿಟ್ಟು ಇಲ್ಲಿಯದೇ, ಒಡೆದರೆ ನನ್ನ ಕೈಯನ್ನು ಬೈಯಬಾರದು. ಊಟವಾದ ಮೇಲೆ ಗುಡ್ಡ ಹತ್ತಿ ಒಂದು ಸೈಕ್ ತೋರಿಸುತ್ತೇನೆ, ನೀನು ಬೂಟು ಬಿಚ್ಚದೆ ದಾಟಬಹುದು, ಅಷ್ಟು ಸಣ್ಣದು. ನಮ್ಮ ಊರಿನ ಹೆಸರನ್ನು ಬಸ್ಸಿನ ಫಲಕದಲ್ಲಿ ಸ್ಲೈತ್‌ವೇಟ್ ಎಂದು ಓದಿಕೊಳ್ಳುತ್ತೀಯ. ಚಾಲಕನ ಹತ್ತಿರ ಮಾತ್ರ ‘ಸ್ಲಾವಿಟ್’ ಎನ್ನು.